ಅತ್ತೆಯನ್ನು ಹಿಂದೆ ಕೂರಿಸಿಕೊಂಡು ವ್ಯಾನು ಕಲಿತದ್ದು

ನಮ್ಮ ಹೆರಿಗೆ ಆಸ್ಪತ್ರೆಯ ವ್ಯಾನಿನ ಡ್ರೈವರು ಒಂದು ಸೋಮವಾರ ಬೆಳಿಗ್ಗೆ ಬೀಗದ ಕೈಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು, ಕೈಮುಗಿದು, ಪಲ್ಟನ್ನಿಗೆ ಸೇರಲು ಹೊರಟುಹೋದ. ಯುದ್ಧ ನಡೆಯುತ್ತಿದ್ದ ಕಾಲ. ಸ್ಟೀರಿಂಗ್ ಹಿಡಿಯಲು ಬರುವ ಗಂಡಸರನ್ನೆಲ್ಲ ಸೈನ್ಯ ಕರೆದುಕೊಳ್ಳುತ್ತಿತ್ತು. ದೊಡ್ಡಬಳ್ಳಾಪುರದಲ್ಲಿ ಉಳಿದವರು ಬಸ್ಸು ಓಡಿಸುವ ನಾಲ್ಕೈದು ಮಂದಿ. ಅವರನ್ನು ಮಾಲೀಕರು ಬಿಟ್ಟುಕೊಡುವ ಹಾಗಿರಲಿಲ್ಲ.

ನಾನು ಆ ಆಸ್ಪತ್ರೆಯ ಮಿಡ್‌ವೈಫ್. ಊರಿನವರ ಬಾಯಲ್ಲಿ ನರ್ಸಮ್ಮ. ವ್ಯಾನು ಬರುವ ಮುಂಚೆ ಹಳ್ಳಿಗಳಿಗೆ ಜಟಕಾದಲ್ಲೋ ಎತ್ತಿನ ಗಾಡಿಯಲ್ಲೋ ಹೋಗುತ್ತಿದ್ದೆ. ಒಮ್ಮೆ ಒಬ್ಬ ಬಸುರಿಯನ್ನು ಗಾಡಿಯಲ್ಲಿ ಕರೆತರುವಾಗ, ಪಟ್ಟಣದ ಗೋಪುರ ಕಾಣುವಷ್ಟು ಹತ್ತಿರ ಬಂದಮೇಲೆ, ಅವಳ ಕೈ ನನ್ನ ಕೈಯಲ್ಲೇ ತಣ್ಣಗಾಯಿತು. ವ್ಯಾನು ಬಂದಮೇಲೆ ಹಾಗಾಗಿರಲಿಲ್ಲ. ಈಗ ಅದು ಶೆಡ್ಡಿನಲ್ಲಿ ಧೂಳು ಹಿಡಿಯುತ್ತ ನಿಂತಿತು. ತಿಂಗಳೊಳಗೆ ಮೇಲಿನವರಿಂದ ಕಾಗದ ಬಂತು: ಮೂರು ತಿಂಗಳಲ್ಲಿ ಲೈಸೆನ್ಸ್ ಇರುವ ಡ್ರೈವರು ಸಿಗದಿದ್ದರೆ ವ್ಯಾನನ್ನು ಬೇರೆ ಊರಿಗೆ ಕಳಿಸಲಾಗುವುದು.

ಡಾಕ್ಟರಮ್ಮ ಆ ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ನನ್ನ ಕಡೆ ನೋಡಿದರು.

"ನೀನೇ ಕಲಿತುಬಿಡು."

"ನಾನೇ?"

"ನಾನು ಕೂತು ನೋಡಿದೆ ಕಣಮ್ಮ, ನನ್ನ ಕಾಲು ಕ್ಲಚ್ಚಿಗೆ ಎಟಕಲ್ಲ. ಕಾಂಪೌಂಡರನ್ನ ಕೇಳಿದ್ರೆ ತಲೆ ಸುತ್ತುತ್ತೆ ಅಂತಾರೆ. ನಿನಗೆ ಕಾಲೂ ಉದ್ದ ಇದೆ, ತಲೆಯೂ ಸುತ್ತಲ್ಲ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನನ್ನ ಗಂಡ ತೀರಿಕೊಂಡಾಗ ನನಗೆ ಇಪ್ಪತ್ತು. ಮಗನನ್ನು ಕಳೆದುಕೊಂಡ ಅತ್ತೆ, ನೆಂಟರ ಬಾಯಿ ಮುಚ್ಚಿಸಿ, ನನ್ನನ್ನು ಬೆಂಗಳೂರಿಗೆ ಹೆರಿಗೆ ಕೆಲಸ ಕಲಿಯಲು ಕಳಿಸಿದವರು. ಅಕ್ಷರ ಬಾರದು, ಹೊಲದಲ್ಲಿ ಕೆಲಸ ಮಾಡಿದ ಜೀವ. ಮೊರದಲ್ಲಿ ರಾಗಿ ಕೇರುತ್ತಿದ್ದವರು ಕೈ ನಿಲ್ಲಿಸದೆ ಕೇಳಿದರು.

"ಕಲಿಸೋರು ಯಾರು? ಗಂಡಸರೇ ತಾನೆ?"

"ಹೂಂ."

"ಹಂಗಾದ್ರೆ ನಾನೂ ಬತ್ತೀನಿ. ಹಿಂದೆ ಕೂತ್ಕತೀನಿ. ಆಮೇಲೆ ಯಾವನು ಏನಂತಾನೋ ನೋಡನ."

ಕಲಿಯಲು ನನಗಿದ್ದದ್ದು ಮೂರು ದಾರಿ. ಬೆಂಗಳೂರಿನಲ್ಲಿ ಮೋಟಾರು ಕಲಿಸುವ ಒಂದು ಶಾಲೆ ಇತ್ತು. ಆದರೆ ಅಲ್ಲೇ ಉಳಿಯಬೇಕು, ಅಷ್ಟು ದಿನ ಆಸ್ಪತ್ರೆಯನ್ನು ಯಾರು ನೋಡಿಕೊಳ್ಳುತ್ತಾರೆ? ಎರಡನೆಯದು, ತೋಳಿಗೆ ಗಾಯವಾಗಿ ಸೈನ್ಯದಿಂದ ಮರಳಿದ್ದ ಹವಾಲ್ದಾರರು. ಪಲ್ಟನ್ನಿಗೆ ಸೇರುವವರಿಗೆ ಮೂರು ವಾರದಲ್ಲಿ ಲಾರಿ ಕಲಿಸಿ ಕಳಿಸುತ್ತಿದ್ದರು. ಮೂರನೆಯದು, ಬೆಂಗಳೂರು ಬಸ್ಸಿನ ಡ್ರೈವರು ಸಾಹೇಬರು. ಅರವತ್ತರ ಹತ್ತಿರದ ಮನುಷ್ಯ, ಬಿಳಿ ಗಡ್ಡ, ಮಾತು ಕಡಿಮೆ. ವಿಚಾರಿಸಿದಾಗ ಅವರು, "ಎರಡು ತಿಂಗಳಿಗೆ ಮೇಲೆ ಬೇಕಮ್ಮಾ. ಮೊದಲ ಹದಿನೈದು ದಿನ ಸ್ಟೀರಿಂಗ್ ಮುಟ್ಟೋ ಹಂಗಿಲ್ಲ" ಎಂದರು.

ಕೈಯಲ್ಲಿದ್ದದ್ದು ಮೂರೇ ತಿಂಗಳು. ಹದಿನೈದು ದಿನ ಸ್ಟೀರಿಂಗ್ ಮುಟ್ಟದೆ ಕಲಿಯುವುದೆಂದರೇನು ಎಂದು ನಕ್ಕು, ನಾನು ಹವಾಲ್ದಾರರನ್ನು ಆರಿಸಿಕೊಂಡೆ.

ಹವಾಲ್ದಾರರು ಒಳ್ಳೆಯವರು. ಸಮಯಕ್ಕೆ ಸರಿಯಾಗಿ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬರುತ್ತಿದ್ದರು. ಬೇಸಗೆಯಲ್ಲಿ ಒಣಗಿದ್ದ ಕೆರೆಯಂಗಳದಲ್ಲಿ ಪಾಠ. ಎಲ್ಲವನ್ನೂ ಎಣಿಕೆಯಲ್ಲಿ ಕಲಿಸಿದರು. ಏಕ್ ಅಂದರೆ ಕ್ಲಚ್ಚು ತುಳಿ. ದೋ, ಗೇರು ಹಾಕು. ತೀನ್, ಕ್ಲಚ್ಚು ಬಿಡುತ್ತ ಆಕ್ಸಿಲರೇಟರ್ ಒತ್ತು. ಚಾರ್ ಅಂದರೆ ಎರಡೂ ಕಾಲಲ್ಲಿ ಕ್ಲಚ್ಚು ಬ್ರೇಕು ಒತ್ತಿ ನಿಲ್ಲಿಸು. ಪಕ್ಕದಲ್ಲಿ ಕೂತು ಅವರು ಕೂಗುವುದು, ನಾನು ಕೂಗಿದಂತೆ ಮಾಡುವುದು. ಎಂಟು ದಿನಕ್ಕೆ ಕೆರೆಯಂಗಳದಲ್ಲಿ ನಾಲ್ಕು ಸುತ್ತು ಹಾಕಿದೆ. ಡಾಕ್ಟರಮ್ಮ ಏರಿಯ ಮೇಲೆ ನಿಂತು ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಹಿಂದಿನಿಂದ, "ಗಾಡಿ ಓಡುಸ್ತಾ ಇರೋದು ಅವರ ಬಾಯಿ, ನಿನ್ ಕೈಯಲ್ಲ" ಎಂದರು. ನನಗೆ ಸಿಟ್ಟು ಬಂತು.

ಹನ್ನೊಂದನೆಯ ದಿನ ರಸ್ತೆಗೆ ಇಳಿದೆವು. ಘಾಟಿ ಸುಬ್ರಹ್ಮಣ್ಯದ ಕಡೆಯ ರಸ್ತೆ. ತಿರುವಿನಲ್ಲಿ ಹುಲ್ಲು ಹೇರಿದ ಎತ್ತಿನ ಗಾಡಿಯೊಂದು ರಸ್ತೆ ತುಂಬ ಬರುತ್ತಿತ್ತು. ಹವಾಲ್ದಾರರು "ಚಾರ್!" ಎಂದು ಕೂಗಿದರು. ನನ್ನ ತಲೆ ಇನ್ನೂ ತೀನ್‌ನಲ್ಲೇ ಇತ್ತು. ಅವರು ಮತ್ತೆ ಕೂಗಿದರು, ನನ್ನ ಕಾಲು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿತು. ವ್ಯಾನು ರಸ್ತೆ ಬಿಟ್ಟು, ಚರಂಡಿ ಹಾರಿ, ಉತ್ತು ಬಿಟ್ಟಿದ್ದ ಹೊಲದ ಬದುವಿಗೆ ಮೂತಿ ಇಟ್ಟು ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಎತ್ತುಗಳು ಕೂಡ ಬೆದರಲಿಲ್ಲ, ನಿಂತು ನೋಡಿದವು. ಗಾಡಿಯವನು ಇಳಿದು ಬಂದು, ಕಿಟಕಿಯಲ್ಲಿ ಬಗ್ಗಿ ನೋಡಿ ಗುರುತು ಹಿಡಿದ.

"ಅಯ್ಯೋ, ನರ್ಸಮ್ಮಾವ್ರು! ನಮ್ ಮಗೀನ ಎತ್ಕಂಡಿದ್ ಕೈಯಲ್ವಾ ಇದು? ಈಗ ಸ್ಟೇರಿಂಗೂ ಹಿಡೀತದಾ?"

ಅವನೇ ಎತ್ತು ಬಿಚ್ಚಿ, ಹಗ್ಗ ಕಟ್ಟಿ, ವ್ಯಾನನ್ನು ಹೊಲದಿಂದ ಎಳೆಸಿಕೊಟ್ಟ. ಹವಾಲ್ದಾರರು ಒಂದೂ ಬೈಗುಳ ಆಡಲಿಲ್ಲ. "ನಾಳೆ ಇನ್ನೂ ಜೋರಾಗಿ ಕೂಗ್ತೀನಿ" ಎಂದಷ್ಟೇ ಹೇಳಿದರು. ನನಗೆ ಭಯವಾದದ್ದು ಆಗ. ಇವರು ಪಕ್ಕದಲ್ಲಿ ಇಲ್ಲದ ದಿನ ನನಗೆ ಕೂಗುವವರು ಯಾರು?

ಮೂತಿ ರಿಪೇರಿಗೆ ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಯೋಚಿಸಿ ಡಾಕ್ಟರಮ್ಮನ ಬಳಿ ಹೋದೆ.

"ಸಾಹೇಬರ ಹತ್ರ ಮೊದಲಿನಿಂದ ಕಲೀತೀನಿ."

"ಅವರಿಗೆ ಎರಡು ತಿಂಗಳಿಗೆ ಮೇಲೆ ಬೇಕಂತೆ. ನಮಗೆ ಉಳಿದಿರೋದೇ ಅಷ್ಟು. ಅದೂ ಕೆಟ್ಟರೆ?"

"ಕೆಟ್ಟರೆ ವ್ಯಾನು ಹೋಗುತ್ತೆ. ಹೀಗೇ ಕಲಿತರೆ ವ್ಯಾನಿನಲ್ಲಿ ಇರೋರು ಹೋಗ್ತಾರೆ."

ಅವರು ಮೇಲಿನವರ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದರು. ಆಮೇಲೆ, "ಹವಾಲ್ದಾರರಿಗೆ ನಾನೇ ಹೇಳ್ತೀನಿ, ನೀನು ಹೇಳಿದ್ರೆ ನೊಂದ್ಕೋತಾರೆ" ಎಂದರು.

ಸಾಹೇಬರ ಬಸ್ಸು ಬೆಳಿಗ್ಗೆ ಏಳಕ್ಕೆ ಬೆಂಗಳೂರಿಗೆ ಹೊರಟು ಮಧ್ಯಾಹ್ನ ಎರಡರ ಹೊತ್ತಿಗೆ ಹಿಂತಿರುಗುತ್ತಿತ್ತು. ಊಟ, ನಮಾಜು ಮುಗಿಸಿ ಮೂರೂವರೆಗೆ ಆಸ್ಪತ್ರೆಗೆ ಬರುತ್ತಿದ್ದರು. ಮೊದಲ ವಾರ ಅವರು ನನ್ನನ್ನು ವ್ಯಾನಿನೊಳಗೆ ಹತ್ತಿಸಲೇ ಇಲ್ಲ. ಹಿಂಭಾಗದಲ್ಲೇ ನಿಲ್ಲಿಸಿದರು.

ಪೆಟ್ರೋಲಿಗೆ ಬರಗಾಲ ಬಂದಿದ್ದರಿಂದ ಆಗ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ನಮ್ಮ ವ್ಯಾನಿಗೂ ಹಿಂದೆ ಆಳೆತ್ತರದ ತಗಡಿನ ಒಲೆ ಕೂರಿಸಿದ್ದರು. ಅದರೊಳಗೆ ಇದ್ದಿಲು ತುಂಬಬೇಕು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ಕೆಳಗಿನ ಕಿಂಡಿಯಲ್ಲಿ ಇಡಬೇಕು, ಗಾಳಿಚಕ್ರವನ್ನು ಹತ್ತು ಹದಿನೈದು ನಿಮಿಷ ತಿರುಗಿಸಬೇಕು. ಆಮೇಲೆ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದರೆ ಹೊರಬರುವ ಗ್ಯಾಸು ಹತ್ತಿಕೊಳ್ಳುತ್ತದೆ. ಉರಿ ಹಳದಿಯಾಗಿ ತಟಪಟಿಸಿದರೆ ಇನ್ನೂ ಆಗಿಲ್ಲ. ನೀಲಿಯಾಗಿ ನಿಂತರೆ ಗ್ಯಾಸು ಪಕ್ವವಾಗಿದೆ ಎಂದರ್ಥ. ಇಂಜಿನ್ನನ್ನು ಒಂದಿಷ್ಟು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಆಮೇಲೆ ಗ್ಯಾಸಿಗೆ ತಿರುಗಿಸಿಕೊಳ್ಳಬೇಕು. ಜಾಲರಿಯಲ್ಲಿ ಮಸಿ ಕಟ್ಟಿದರೆ ಗಾಡಿಗೆ ಉಸಿರು ಸಾಲದು. ಒಳಗೆ ಗ್ಯಾಸು ಸೋರಿದರೆ ಕೂತವರಿಗೆ ಗೊತ್ತಾಗದೆ ತೂಕಡಿಕೆ ಬಂದು ಜೀವಕ್ಕೇ ಅಪಾಯ, ಆದ್ದರಿಂದ ಮಳೆ ಬಂದರೂ ಕಿಟಕಿ ಮುಚ್ಚಬಾರದು. ಏಳು ದಿನ ಇಷ್ಟೇ ಮಾಡಿದೆ. ಸೆರಗು, ಮುಖ, ಮೂಗಿನ ಹೊಳ್ಳೆ ಎಲ್ಲ ಕಪ್ಪು. ಹೆರಿಗೆಗೆ ಬಂದ ಹೆಂಗಸೊಬ್ಬಳು ನನ್ನನ್ನು ನೋಡಿ, "ನರ್ಸಮ್ಮ ಎಲ್ಲಿ?" ಎಂದು ನನ್ನನ್ನೇ ಕೇಳಿದಳು.

ಎರಡನೆಯ ವಾರ ಸಾಹೇಬರು ಎರಡು ದಿನ ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಮುಂದೆ ಕೂರಿಸಿಕೊಂಡು ಬೆಂಗಳೂರಿಗೆ ಹೋಗಿ ಬಂದರು.

"ಕಣ್ಣು ಮುಚ್ಚಿ ಅಮ್ಮಾ. ಈಗ ಎಷ್ಟನೇ ಗೇರು?"

"ಮೂರು?"

"ಎರಡು" ಎಂದರು ಪಕ್ಕದಿಂದ ಅತ್ತೆ.

ಸಾಹೇಬರು ತಿರುಗಿ ನೋಡಿದರು. "ದೊಡ್ಡಮ್ಮಾವ್ರಿಗೆ ಹೆಂಗ್ ಗೊತ್ತಾಯ್ತು?"

"ನಮ್ಮೆತ್ತು ಏರು ಹತ್ತುವಾಗ ಹಿಂಗೇ ಉಸುರುಬುಡ್ತಾ ಇದ್ವು ಸಾಯೇಬ್ರೇ. ಇಳಿಜಾರಲ್ಲಿ ಬೇರೆ ಉಸ್ರು."

ಅಂದಿನಿಂದ ಅವರಿಬ್ಬರೂ ಒಂದು ಪಕ್ಷ. ನಾನು ಸ್ಟೀರಿಂಗ್ ಹಿಡಿದು ಕೂತಮೇಲೆ ಸಾಹೇಬರು ಪಕ್ಕದಲ್ಲಿ ಮೌನವಾಗಿರುತ್ತಿದ್ದರು, ಅತ್ತೆ ಹಿಂದಿನಿಂದ ಬಯ್ಯುತ್ತಿದ್ದರು. "ಕಿವೀಲಿ ಹತ್ತಿ ಇಟ್ಕಂಡಿದೀಯೇನೇ? ಉಬ್ಬಸ ಪಡ್ತಾ ಐತೆ, ಗೇರು ಇಳಿಸೇ!" ನಾನು ಇಳಿಸುತ್ತಿದ್ದೆ, ಗಾಡಿ ಸರಾಗವಾಗುತ್ತಿತ್ತು. ಸಾಹೇಬರು ಗಡ್ಡ ಸವರಿಕೊಂಡು, "ಮೊದಲು ದೊಡ್ಡಮ್ಮಾವ್ರಿಗೇ ಲೈಸೆನ್ಸ್ ಕೊಡಿಸಬೇಕು" ಎನ್ನುತ್ತಿದ್ದರು.

ಆ ಕಾಲದ ಗೇರು ಈಗಿನ ಹಾಗೆ ಸುಲಭಕ್ಕೆ ಬೀಳುತ್ತಿರಲಿಲ್ಲ. ಕ್ಲಚ್ಚು ತುಳಿದು ಗೇರು ಬಿಡಿಸಬೇಕು, ಕ್ಲಚ್ಚು ಬಿಟ್ಟು ಇಂಜಿನ್ನನ್ನು ಸ್ವಲ್ಪ ಎಬ್ಬಿಸಬೇಕು, ಮತ್ತೆ ಕ್ಲಚ್ಚು ತುಳಿದು ಕೆಳಗಿನ ಗೇರು ಹಾಕಬೇಕು. ಹೊತ್ತು ತಪ್ಪಿದರೆ ಕರಕರ ಸದ್ದು. ನನಗೆ ದಿನವೂ ತಪ್ಪುತ್ತಿತ್ತು. ಒಂದು ಸಂಜೆ ಸಾಹೇಬರು ಕೇಳಿದರು.

"ಹೆರಿಗೆ ಮಾಡಿಸ್ವಾಗ ತಾವು ಜಾಸ್ತಿ ಏನ್ ಮಾಡ್ತೀರಿ ಅಮ್ಮಾ?"

ಯೋಚಿಸಿ ಹೇಳಿದೆ. "ಕಾಯ್ತೀನಿ."

"ಸುಮ್ನೇನಾ?"

"ಸುಮ್ನೆ ಅಲ್ಲ. ಹೊಟ್ಟೆ ಮೇಲೆ ಕೈ ಇಟ್ಟು, ನೋವು ಬರೋದು ಹೋಗೋದು ನೋಡ್ಕೊಂಡು."

"ಹಂಗಾದ್ರೆ ನಾನೇನು ಕಲಿಸ್ಬೇಕು? ಆ ಕೈನೇ ಗೇರ್ ಮೇಲೆ ಇಡಿ."

ಮರುದಿನವೂ ತಪ್ಪಿತು. ಆದರೆ ನಾಲ್ಕು ಸಲದಲ್ಲಿ ಒಂದು ಸಲ ಸರಿಹೋಯಿತು. ವಾರ ಕಳೆಯುವ ಹೊತ್ತಿಗೆ ನಾಲ್ಕರಲ್ಲಿ ಮೂರು.

ಸರಿಯಾಗುತ್ತಿದೆ ಎನ್ನುವಾಗ ಇನ್ನೊಂದು ಅಡ್ಡಿ. ಇಂಜಿನ್ನು ಚಾಲೂ ಮಾಡಲು ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು, ಹಿಡಿಯನ್ನು ಸುತ್ತಬಾರದು ಎಂದು ಸಾಹೇಬರು ನೂರು ಸಲ ಹೇಳಿದ್ದರು. ಒಂದು ದಿನ ಅವಸರದಲ್ಲಿ ಸುತ್ತಿಬಿಟ್ಟೆ. ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಊದಿಕೊಂಡಿತು. ಮೂಳೆ ಮುರಿದಿರಲಿಲ್ಲ, ಆದರೂ ಹತ್ತು ದಿನ ಕೈ ಎತ್ತುವ ಹಾಗಿರಲಿಲ್ಲ. ಸಾಹೇಬರು ತಮ್ಮ ಮನೆಯಿಂದ ಯಾವುದೋ ಎಣ್ಣೆ ಕಳಿಸಿದರು. ಅತ್ತೆ ದಿನಕ್ಕೆ ಮೂರು ಸಲ ಅದನ್ನು ನೀವಿ, ಪ್ರತಿ ಸಲವೂ ಬಯ್ದರು. ಮತ್ತೆ ವ್ಯಾನು ಹತ್ತಿದಾಗ ಗಡುವಿಗೆ ಮೂರೇ ವಾರ ಉಳಿದಿತ್ತು. ಡಾಕ್ಟರಮ್ಮ ಬೆಂಗಳೂರಿನಲ್ಲಿ ಲೈಸೆನ್ಸ್ ಪರೀಕ್ಷೆಗೆ ದಿನ ಗೊತ್ತುಮಾಡಿಸಿ ಬಂದರು. ಸೋಮವಾರ.

ಆ ಸೋಮವಾರಕ್ಕೆ ನಾಲ್ಕು ದಿನ ಇದೆ ಎನ್ನುವಾಗ, ಬೆಳಿಗ್ಗೆ ಎಂಟರ ಹೊತ್ತಿಗೆ ದೊಡ್ಡಬೆಳವಂಗಲದಿಂದ ಒಬ್ಬ ಯುವಕ ಸೈಕಲ್ಲಿನಲ್ಲಿ ಬಂದ. ಹೆಂಡತಿಗೆ ರಾತ್ರಿಯಿಂದ ನೋವಂತೆ, ಮೂರನೆಯ ಹೆರಿಗೆಯಂತೆ, ಊರಿನ ಸೂಲಗಿತ್ತಿ ಮುಟ್ಟಿ ನೋಡಿ "ನನ್ ಕೈಲಿ ಆಗಾಕಿಲ್ಲ" ಎಂದು ಎದ್ದುಹೋದಳಂತೆ. ಡಾಕ್ಟರಮ್ಮ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಮೀಟಿಂಗಿಗೆ ಹೋಗಿದ್ದರು. ಸಾಹೇಬರು ಬಸ್ಸು ತೆಗೆದುಕೊಂಡು ಹೋಗಿ ಒಂದು ಗಂಟೆಯಾಗಿತ್ತು. ದೊಡ್ಡಬೆಳವಂಗಲ ಎಂಟು ಮೈಲಿ. ಜಟಕಾ ಹೋಗಿಬರಲು ಮಧ್ಯಾಹ್ನ ಕಳೆಯುತ್ತದೆ.

ಲೈಸೆನ್ಸ್ ಇಲ್ಲದವರು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಇಲ್ಲದೆ, ಗಾಡಿ ಓಡಿಸುವ ಹಾಗಿಲ್ಲ. ಅದು ನನಗೆ ಗೊತ್ತಿತ್ತು. ಸಿಕ್ಕಿಬಿದ್ದರೆ ಸೋಮವಾರದ ಪರೀಕ್ಷೆ ಇಲ್ಲ, ಆಮೇಲೆ ವ್ಯಾನೂ ಇಲ್ಲ. ಅದೂ ಗೊತ್ತಿತ್ತು. ನಾನು ಶೆಡ್ಡಿಗೆ ಹೋಗುವಷ್ಟರಲ್ಲಿ ಅತ್ತೆ ಆಗಲೇ ಇದ್ದಿಲು ತುಂಬಿ ಗಾಳಿಚಕ್ರ ತಿರುಗಿಸುತ್ತ ನಿಂತಿದ್ದರು.

"ನಾ ಹೋಗ್ತೀನಿ ಅಂತ ಇನ್ನೂ ಹೇಳೇ ಇಲ್ವಲ್ಲ ಅತ್ತೆ?"

"ನೀ ಹೇಳೋವರ್ಗೂ ಒಲೆ ಕಾಯ್ತದಾ? ಕಡ್ಡಿ ಗೀರು, ನೀಲಿ ಬಂತಾ ನೋಡು."

ಹೋಗುವಾಗ ದಾರಿ ನಿರಾಳವಾಗಿತ್ತು. ಯುವಕ ಸೈಕಲ್ಲನ್ನು ಆಸ್ಪತ್ರೆಯಲ್ಲೇ ಬಿಟ್ಟು ನನ್ನ ಪಕ್ಕದಲ್ಲಿ ಕೂತಿದ್ದ. ದೊಡ್ಡಬೆಳವಂಗಲದಲ್ಲಿ ಅವನ ಹೆಂಡತಿಯ ಹೊಟ್ಟೆ ಮುಟ್ಟಿದ ಕೂಡಲೇ ಗೊತ್ತಾಯಿತು, ಮಗು ಅಡ್ಡ ಮಲಗಿದೆ. ತಲೆ ಎಡಪಕ್ಕೆಗೆ. ನೀರಿನ ಚೀಲ ಇನ್ನೂ ಒಡೆದಿರಲಿಲ್ಲ, ಅದೊಂದೇ ಸಮಾಧಾನ. ಹೊರಗಿನಿಂದ ಮೆಲ್ಲನೆ ತಿರುಗಿಸಲು ನೋಡಿದೆ. ತಿರುಗಿತು, ಕೈ ತೆಗೆದ ಕೂಡಲೇ ಮತ್ತೆ ಅಡ್ಡವಾಯಿತು. ಇದು ನನ್ನ ಕೈಯಲ್ಲಿ ಆಗುವ ಹೆರಿಗೆಯಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕುಯ್ದು ತೆಗೆಯಬೇಕು. ಅದೂ ನೀರು ಒಡೆಯುವ ಮೊದಲು.

ಅವಳನ್ನು ಚಾಪೆ ಸಮೇತ ಎತ್ತಿ ವ್ಯಾನಿನಲ್ಲಿ ಮಲಗಿಸಿದೆವು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹೊಂಡ ಕಂಡ ಕಡೆಯೆಲ್ಲ ಮೊದಲ ಗೇರಿಗೆ ಇಳಿಸಿ, ನಡೆಯುವಷ್ಟು ನಿಧಾನವಾಗಿ ದೊಡ್ಡಬಳ್ಳಾಪುರ ತಲುಪುವಾಗ ಹನ್ನೆರಡು. ರೈಲು ಇದ್ದದ್ದು ಸಂಜೆಗೆ. ಬೆಂಗಳೂರು ಇನ್ನೂ ಇಪ್ಪತ್ತನಾಲ್ಕು ಮೈಲಿ. ಪಟ್ಟಣದ ರಸ್ತೆಗಳಲ್ಲಿ ನಾನು ಎಂದೂ ಓಡಿಸಿರಲಿಲ್ಲ.

ಲೆಕ್ಕ ಹಾಕಿದೆ. ಸಾಹೇಬರ ಬಸ್ಸು ಬೆಂಗಳೂರು ಬಿಡುವುದು ಹನ್ನೆರಡಕ್ಕೆ. ರಾಜಾನುಕುಂಟೆಯ ಆಚೀಚೆ ಎಲ್ಲಾದರೂ ನನಗೆ ಎದುರಾಗುತ್ತದೆ. ಅಲ್ಲಿಯವರೆಗೆ, ಎಂಟೊಂಬತ್ತು ಮೈಲಿ, ಆ ರಸ್ತೆಯನ್ನು ನಾನು ಬಲ್ಲೆ. ಅಷ್ಟನ್ನು ಮಾತ್ರ ಓಡಿಸಿದರೆ ಸಾಕು. ದೊಡ್ಡಾಸ್ಪತ್ರೆಗೆ ತಂತಿ ಕೊಡಲು ಕಾಂಪೌಂಡರಿಗೆ ಹೇಳಿ, ಜಾಲರಿಯ ಮಸಿ ಕೊಡವಿ, ಇದ್ದಿಲು ತುಂಬಿಕೊಂಡು ಹೊರಟೆ. ಊರ ಹೊರಗೆ ಪೊಲೀಸ್ ದಫೇದಾರರು ನಿಂತಿದ್ದರು. ಕೈ ಅಡ್ಡ ಹಿಡಿದವರು, ನನ್ನನ್ನು ನೋಡಿ, ಒಳಗೆ ಮಲಗಿದ್ದವಳ ನರಳಾಟ ಕೇಳಿ, ಕೈ ಇಳಿಸಿ ದೂರದ ಹುಣಸೆ ಮರವನ್ನು ನೋಡತೊಡಗಿದರು.

ರಾಜಾನುಕುಂಟೆ ದಾಟಿ ಅರ್ಧ ಮೈಲಿ ಆಗಿರಬೇಕು. ಹಿಂದಿನಿಂದ ಅತ್ತೆಯ ದನಿ. ಅದರಲ್ಲಿ ಬೈಗುಳ ಇರಲಿಲ್ಲ.

"ನಿಲ್ಸವ್ವಾ. ನೀರು ಒಡೀತು."

ಮರದ ಕೆಳಗೆ ನಿಲ್ಲಿಸಿ, ಕೂಜದ ನೀರಿನಲ್ಲಿ ಕೈ ತೊಳೆದು, ಔಷಧ ಹಚ್ಚಿಕೊಂಡು ಪರೀಕ್ಷಿಸಿದೆ. ಬೆರಳಿಗೆ ಮೊದಲು ಸಿಕ್ಕಿದ್ದು ಮಗುವಿನ ಹೊಕ್ಕುಳ ಬಳ್ಳಿ. ಬೆಚ್ಚಗೆ, ಹಗ್ಗದ ಹಾಗೆ, ಟಪಟಪ ಎಂದು ಮಿಡಿಯುತ್ತಿತ್ತು. ಮಗು ಅದರ ಮೇಲೆ ಒತ್ತಿದರೆ ರಕ್ತ ನಿಂತು ನಾಲ್ಕೈದು ನಿಮಿಷದಲ್ಲಿ ಮಗು ಹೋಗುತ್ತದೆ. ಒತ್ತದ ಹಾಗೆ ಒಳಗಿನಿಂದ ಮಗುವನ್ನು ಕೈಯಲ್ಲಿ ಎತ್ತಿ ಹಿಡಿದಿರಬೇಕು, ಆಪರೇಷನ್ ಮೇಜಿನವರೆಗೂ. ಅವಳನ್ನು ಮೊಣಕಾಲೂರಿ ತಲೆ ತಗ್ಗಿಸಿ ಮಲಗುವಂತೆ ಮಾಡಿ ನಾನು ಹಿಂದೆ ಕೂತೆ. ಇನ್ನು ನನ್ನ ಕೈ ಅಲ್ಲಿಂದ ಕದಲುವ ಹಾಗಿಲ್ಲ. ವ್ಯಾನು ಓಡಿಸುವವರು ಯಾರೂ ಇಲ್ಲ. ಸೊಂಟದ ಗಡಿಯಾರದಲ್ಲಿ ಒಂದೂ ಕಾಲು.

ಅಷ್ಟು ದಿನ ಕಷ್ಟಪಟ್ಟು ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಬೆರಳ ತುದಿಯ ಮಿಡಿತ ಎಣಿಸುತ್ತ ಕೂತೆ. ನೋವು ಬಂದಾಗ ನಿಧಾನವಾಗುತ್ತಿತ್ತು, ನಾನು ಎತ್ತಿ ಹಿಡಿದಾಗ ಮತ್ತೆ ಸರಿಹೋಗುತ್ತಿತ್ತು. ಅವಳ ಗಂಡ ಬಾಗಿಲಲ್ಲಿ ನಿಂತು ಅಳುತ್ತಿದ್ದ. ಅತ್ತೆ ಅವನಿಗೆ, "ಅಳಾದು ಆಮೇಲೆ ಅಳುವಂತೆ, ಹೋಗಿ ಗಾಳಿಚಕ್ರ ತಿರುಗ್ಸು, ಒಲೆ ಆರಬಾರ್ದು" ಎಂದು ಕೆಲಸ ಹಚ್ಚಿ ರಸ್ತೆಗೆ ಇಳಿದರು.

ಎಷ್ಟು ಹೊತ್ತಾಯಿತೋ. ಅತ್ತೆಯ ಕೂಗು ಕೇಳಿತು.

"ಬಂತು! ಸಾಯೇಬ್ರ ಬಸ್ಸು! ಎರಡ್ನೇ ಗೇರಲ್ಲಿ ಐತೆ!"

ನನಗೆ ಏನೂ ಕೇಳಿಸಿರಲಿಲ್ಲ. ಇನ್ನೆರಡು ನಿಮಿಷಕ್ಕೆ ಬಸ್ಸು ಕಂಡಿತು. ಅತ್ತೆ ರಸ್ತೆಯ ನಟ್ಟನಡುವೆ ಎರಡೂ ಕೈ ಎತ್ತಿ ನಿಂತಿದ್ದರು.

ಸಾಹೇಬರು ಇಳಿದು ಬಂದರು. ಬಾಗಿಲಿನಿಂದ ಆಚೆಯೇ ಮುಖ ತಿರುಗಿಸಿ ನಿಂತು ಕೇಳಿದರು.

"ಏನಾಗ್ಬೇಕು ಅಮ್ಮಾ?"

"ನಾನು ಕೈ ತೆಗೆಯೋ ಹಾಗಿಲ್ಲ ಸಾಹೇಬ್ರೇ. ನೀವೇ ಓಡಿಸ್ಬೇಕು. ಜೋರಾಗಿ ಹೋಗ್ಬೇಕು, ಕುಲುಕಬಾರದು."

ಅವರ ಬಸ್ಸಿನಲ್ಲಿ ಇಪ್ಪತ್ತೈದು ಮಂದಿ ಇದ್ದರು. ನೂಲು ತರಲು ಹೋಗಿದ್ದ ನೇಕಾರರು, ತವರಿಗೆ ಹೊರಟ ಹೆಂಗಸರು, ಕೋರ್ಟಿಗೆ ಹೋಗಿ ಬಂದವರು. ಸಾಹೇಬರು ಅವರ ಕಡೆ ತಿರುಗಿ ಕೈ ಮುಗಿದರು.

"ಮೂರು ಗಂಟೆ ಹೊತ್ತು ನನ್ನ ಬಿಟ್ಕೊಡಿ. ವ್ಯಾನಲ್ಲಿ ಎರಡು ಜೀವ ಐತೆ."

ಯಾರೋ ಒಬ್ಬ ಗಂಡಸು ಗೊಣಗಿದ. ಅವನ ಹಿಂದಿನ ಸೀಟಿನಿಂದ ಒಬ್ಬ ಮುದುಕಿ, "ನೀನೂ ಹಿಂಗೇ ಯಾರ್ದೋ ಕೈಯಲ್ಲಿ ಹುಟ್ಟಿರಾದು ಕಣಯ್ಯಾ, ಇಳಿ ಸುಮ್ಕೆ" ಎಂದಳು. ಎಲ್ಲರೂ ಇಳಿದು ನೆರಳಿಗೆ ಹೋದರು. ಕಂಡಕ್ಟರು ತಮ್ಮ ಬಸ್ಸಿನ ಇದ್ದಿಲ ಚೀಲವೊಂದನ್ನು ನಮ್ಮ ವ್ಯಾನಿಗೆ ಎತ್ತಿಹಾಕಿದರು.

ಸಾಹೇಬರು ಹೇಗೆ ಓಡಿಸಿದರೆಂದು ನಾನು ನೋಡಲಿಲ್ಲ. ತಲೆ ತಗ್ಗಿಸಿ ಕೂತಿದ್ದ ನನಗೆ ಗೊತ್ತಾದದ್ದು ಇಷ್ಟೇ: ಗೇರು ಬದಲಾದದ್ದು ಒಂದು ಸಲವೂ ಬೆರಳಿಗೆ ತಿಳಿಯಲಿಲ್ಲ. ಯಲಹಂಕ ದಾಟಿದ್ದು, ಪಟ್ಟಣದ ಸದ್ದು ಶುರುವಾದದ್ದು ಕಿವಿಗೆ ಕೇಳಿತು. ಆಸ್ಪತ್ರೆಯ ಬಾಗಿಲಲ್ಲಿ ನಮ್ಮ ಡಾಕ್ಟರಮ್ಮ ನಿಂತಿದ್ದರು. ತಂತಿ ನೋಡಿದ ದೊಡ್ಡಾಸ್ಪತ್ರೆಯವರು ಹೇಳಿಕಳಿಸಿದ್ದರಂತೆ, ಮೀಟಿಂಗ್ ಬಿಟ್ಟು ಬಂದಿದ್ದರು. ಸ್ಟ್ರೆಚರಿನ ಜೊತೆಗೇ ನನ್ನನ್ನೂ ತಳ್ಳಿಕೊಂಡು ಹೋದರು. ಆಪರೇಷನ್ ಮೇಜಿನ ಬಳಿ ಸರ್ಜನ್ನರು "ಇನ್ನು ಬಿಡಬಹುದು" ಎನ್ನುವವರೆಗೂ ನನ್ನ ಕೈ ಅಲ್ಲೇ ಇತ್ತು. ಬಿಟ್ಟಮೇಲೆ ಬೆರಳು ಬಿಡಿಸಲು ಆಗಲಿಲ್ಲ. ನಿಂತಲ್ಲೇ ಮಗುವಿನ ಅಳು ಕೇಳಿದೆ. ಹೆಣ್ಣು.

ಡಾಕ್ಟರಮ್ಮ ಹೊರಗೆ ಬಂದು ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. "ತಾಯಿ ಮಗು ಎರಡೂ ಚೆನ್ನಾಗಿದೆ. ಲೈಸೆನ್ಸ್ ಇಲ್ದೆ ಎಷ್ಟು ದೂರ ಓಡಿಸಿದೆ?"

"ಹೋಗಿ ಬಂದು ಎಲ್ಲ ಸೇರಿ ಇಪ್ಪತ್ತೈದು ಮೈಲಿ."

"ಯಾರಿಗೂ ಹೇಳಬೇಡ" ಎಂದರು. ಆಮೇಲೆ ಆ ಜಿಲ್ಲೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದವರು ಅವರೇ.

ಸೋಮವಾರದ ಪರೀಕ್ಷೆಯ ವಿಷಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಇನ್‌ಸ್ಪೆಕ್ಟರು ಒಂದು ಏರಿನಲ್ಲಿ ನಿಲ್ಲಿಸಿ ಹೊರಡಲು ಹೇಳಿದರು, ಹಿಂದಕ್ಕೆ ಓಡಿಸಲು ಹೇಳಿದರು, ಹಿಂದಿನ ಸೀಟಿನಲ್ಲಿ ಕೂತ ಮುದುಕಿ ಯಾರೆಂದು ಕೇಳಿದರು. ಲೈಸೆನ್ಸ್ ಕೊಟ್ಟರು. ವ್ಯಾನು ನಮ್ಮಲ್ಲೇ ಉಳಿಯಿತು.

ಮಗು ಹುಟ್ಟಿದ ಆ ದಿನ ಹಿಂತಿರುಗಿದ್ದು ಮಾತ್ರ ನನಗೆ ಇವತ್ತಿಗೂ ಕಣ್ಣ ಮುಂದಿದೆ. ಅತ್ತೆ ಅರ್ಧ ಗಂಟೆ ನನ್ನ ಬೆರಳು ನೀವಿ ಬಿಸಿ ಮಾಡಿದರು. ವ್ಯಾನಿನ ಹತ್ತಿರ ಬಂದಾಗ ಸಾಹೇಬರು ಒಲೆ ಸಿದ್ಧಮಾಡಿ, ಎಡಗಡೆಯ ಸೀಟಿನಲ್ಲಿ ಕೂತಿದ್ದರು.

"ಪಟ್ಟಣ ದಾಟೋವರ್ಗೆ ನೀವೇ ಓಡಿಸಿ ಸಾಹೇಬ್ರೇ."

"ನಂಗೆ ಈಗ ಕೈ ನಡುಕ ಬಂದೈತೆ ಅಮ್ಮಾ. ಹಿಂದೆ ತಾಯಿ ಮಗು ಇದ್ದಾಗ ಬರ್ಲಿಲ್ಲ, ಈಗ ಬಂತು. ತಾವೇ ಕೂತ್ಕಳಿ. ದಾರಿ ಹೇಳ್ತೀನಿ."

ಎರಡು ತಿರುವಿಗೆ ದಾರಿ ಹೇಳಿದರು. ಮೂರನೆಯ ತಿರುವಿನಲ್ಲಿ ಮಾತು ಬರಲಿಲ್ಲ. ಎದುರಿಗೆ ಜಟಕಾಗಳು, ಸೈಕಲ್ಲುಗಳು, ಮಿಲಿಟರಿ ಲಾರಿಗಳ ಸಾಲು. ಕೇಳೋಣವೆಂದು ತಿರುಗಿದರೆ ಸಾಹೇಬರು ಗಡ್ಡವನ್ನು ಎದೆಗೆ ಊರಿ ನಿದ್ದೆ ಹೋಗಿದ್ದರು. ಇದ್ದಿಲ ಒಲೆ ಹಚ್ಚಲು ನಸುಕಿಗೆ ಮುಂಚೆ ಎದ್ದವರು. ಪಕ್ಕದಲ್ಲಿ ಕೂತು ನನ್ನ ಕೈಕಾಲು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸದಿದ್ದ ಮನುಷ್ಯ. ಎಬ್ಬಿಸಲಿಲ್ಲ. ಅಂಗಡಿಯವರನ್ನು ದಾರಿ ಕೇಳಿಕೊಂಡು ಯಲಹಂಕದ ರಸ್ತೆಗೆ ಬಿದ್ದೆ. ದಾರಿಯುದ್ದಕ್ಕೂ ಅತ್ತೆ ಒಂದು ಸಲವೂ ನನ್ನ ಗೇರು ತಿದ್ದಲಿಲ್ಲ.

ರಾಜಾನುಕುಂಟೆಯ ಹತ್ತಿರ ಬಿಸಿಲು ಇಳಿಯುತ್ತಿತ್ತು. ಬಸ್ಸು ಮರದ ಕೆಳಗೆ ಹಾಗೇ ನಿಂತಿತ್ತು. ನಾಲ್ಕು ಗಂಟೆ ಹೊತ್ತು ಕಾದಿದ್ದ ಜನ ವ್ಯಾನು ಕಂಡ ಕೂಡಲೇ ಎದ್ದು ರಸ್ತೆಗೆ ಬಂದರು.

"ಏನಾಯ್ತು ನರ್ಸಮ್ಮಾ?"

"ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ."

ಗೊಣಗಿದ್ದ ಗಂಡಸೇ ಮೊದಲು ಕೈ ಎತ್ತಿ ಮುಗಿದ. ಕಂಡಕ್ಟರು ಸಾಹೇಬರನ್ನು ಎಬ್ಬಿಸಲು ಕಿಟಕಿಯ ಹತ್ತಿರ ಬಂದರು. ಅತ್ತೆ ಹಿಂದಿನಿಂದ ಕೈ ಚಾಚಿ ತಡೆದರು.

"ಇನ್ನೊಂದ್ ಗಳಿಗೆ ಮಲಗ್ಲಿ ಬುಡಪ್ಪಾ."

ಕಂಡಕ್ಟರು ಹಿಂದೆ ತಿರುಗಿ ಜನರನ್ನು ನೋಡಿದರು. ನಾನು ಇಂಜಿನ್ನು ಆರಿಸಿದೆ. ಮಾತಾಡುತ್ತಿದ್ದವರು ದನಿ ತಗ್ಗಿಸಿ, ಮತ್ತೆ ಹೋಗಿ ಮರದ ಕೆಳಗೆ ಕೂತರು.